ನನ್ನ ಸೊಂಟಕ್ಕೊಂದು ಹಳೆ ಚೈನ್ ಗಾಡಿ

ಹಳೆ ಸಾಮಾನು ಕೊಳ್ಳಲು ಹೊರಟವನ ಸಂಗಡ ಬೇರೆ ಯಾರೂ ಬರದಿದ್ದರೂ ಪಜೀತಿ ಮಾತ್ರ ಕರೆಯದೇ ಬರುತ್ತದೆ. ಹೊಸದಾದರೆ ಅಂಗಡಿಗೆ ಹೋಗಿ, ಬೆಲೆ ಕೇಳಿ, ಕೊಟ್ಟ ಚಾ ಕುಡಿದು, ಮರ್ಯಾದೆಯಿಂದ ಮನೆಗೆ ವಾಪಸು ಬರಬಹುದು. ಹಳೆಯದಕ್ಕೆ ಹಾಗಲ್ಲ. ಅದನ್ನು ಮುಟ್ಟಬೇಕು, ತಟ್ಟಬೇಕು, ಕೂತು ನೋಡಬೇಕು, ಮಾರುವವನ ಮುಖವನ್ನೂ ನೋಡಬೇಕು. ಅಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ರೈಲು ಹಳಿ ಹಾಕುವ ಕಾಲದಲ್ಲಿ ನಾನು ಗುತ್ತಿಗೆದಾರರ ಮಣ್ಣು ತೆಗೆಯುವ ಮಿಷನ್ ಓಡಿಸುತ್ತಿದ್ದೆ. ಹೊನ್ನಾವರದ ಆಚೀಚೆ ಗುಡ್ಡ ಕಡಿದದ್ದರಲ್ಲಿ ನನ್ನ ಪಾಲೂ ಇದೆ. ರೈಲು ಓಡತೊಡಗಿತು, ಗುತ್ತಿಗೆದಾರರು ಗಂಟುಮೂಟೆ ಕಟ್ಟಿದರು, ನಾನು ಕಂಡವರ ಮಿಷನ್ ಓಡಿಸುತ್ತ ಇಲ್ಲೇ ಉಳಿದೆ. ನನಗೆ ಉಳಿದದ್ದು ಎರಡೇ: ಬ್ಯಾಂಕಿನಲ್ಲಿ ಒಂದಿಷ್ಟು ಉಳಿತಾಯ, ಸೊಂಟದಲ್ಲಿ ಒಂದಿಷ್ಟು ನೋವು. ಎರಡರಲ್ಲಿ ಬೇಗ ಬೆಳೆದದ್ದು ನೋವು.

ಸ್ವಂತಕ್ಕೊಂದು ಸಣ್ಣ ಚೈನ್ ಗಾಡಿ ತೆಗೆದುಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ. ಟಯರಿನ ಬದಲು ಎರಡೂ ಪಕ್ಕ ಚೈನು, ಮುಂದೆ ಒಂದು ಬಕೆಟ್, ನಡುವೆ ಒಬ್ಬನೇ ಕೂರುವಷ್ಟು ಗೂಡು. ದೊಡ್ಡ ಮಿಷನ್ ನುಗ್ಗಲಾಗದ ಕಡೆ ಇದು ನುಗ್ಗುತ್ತದೆ. ಮನೆ ಜಾಗ ಸಮ ಮಾಡಲು, ಬಾವಿ ತೆಗೆದ ಮಣ್ಣು ಸಾಗಿಸಲು, ಕೆಂಪು ಚಿರೆಕಲ್ಲು ಕಡಿಯುವ ಕ್ವಾರಿಯ ಪುಡಿ ಎತ್ತಲು ನಮ್ಮ ಕಡೆ ಇಂಥದ್ದಕ್ಕೆ ಕೆಲಸ ತಪ್ಪುವುದಿಲ್ಲ. ಆದರೆ ಇದ್ದ ದುಡ್ಡಿಗೆ ಬರುವುದು ಹಳೆಯದು, ಅದೂ ಒಂದೇ ಒಂದು. ಆರಿಸುವುದರಲ್ಲಿ ತಪ್ಪಿದರೆ ದುಡ್ಡೂ ಹೋಯಿತು, ಸೊಂಟವೂ ಹೋಯಿತು. ಹೀಗಾಗಿ ಆ ವರ್ಷ ನಾನು ಕುಮಟಾದಿಂದ ಭಟ್ಕಳದವರೆಗೆ ಹೆಣ್ಣು ನೋಡುವವನ ಹಾಗೆ ತಿರುಗಿದೆ.

೧. ಕೂತು ಮಾಡುವ ಕೆಲಸ

ಮೊದಲು ಹೋದದ್ದು ಕುಮಟಾದ ಡಾಕ್ಟರರ ಹತ್ತಿರ. ಒಳ್ಳೆಯ ಮನುಷ್ಯ, ಆದರೆ ಸ್ವಲ್ಪ ಗಡಿಬಿಡಿ. ನಾನು ಬಾಗಿಲಲ್ಲಿ ಸೊಂಟ ಹಿಡಿದು ನಿಂತದ್ದನ್ನು ನೋಡಿಯೇ ಕೇಳಿದರು, "ಎಂತ ಕೆಲಸ ಮಾಡ್ತೀರಿ? ಮೂಟೆ ಹೊರೂದಾ?"

"ಇಲ್ಲ ಡಾಕ್ಟ್ರೇ, ಕೂತು ಮಾಡೂ ಕೆಲಸ."

"ಕೂತು ಮಾಡೂದಾ? ಬ್ಯಾಂಕಾ?"

"ಅಲ್ಲ. ಚೈನ್ ಮಿಷನ್ ಓಡಿಸ್ತೆ."

ಅವರಿಗೆ ಸಮಾಧಾನವಾಗಲಿಲ್ಲ. "ಮಿಷನ್ ಕೆಲಸ ಮಾಡ್ತದೆ, ನೀವು ಕೂತ್ಕೊಂಡಿರ್ತೀರಿ. ಸೊಂಟ ನೋಯೂಕೆ ಕಾರಣ ಎಂತ? ನಾನೂ ಬೆಳಗಿಂದ ಕೂತೇ ಇದ್ದೆ ಅಲ್ದಾ?" ಎಂದು ತಮ್ಮ ತಿರುಗುವ ಕುರ್ಚಿಯನ್ನು ತಟ್ಟಿ ತೋರಿಸಿದರು.

ಬಾಯಲ್ಲಿ ಹೇಳಿದರೆ ತಿಳಿಯುವ ವಿಷಯ ಇದಲ್ಲವೆಂದು ನನಗೆ ಗೊತ್ತಿತ್ತು. "ಒಂದು ನಿಮಿಷ ಹಂಗೇ ಕೂತ್ಕಳಿ" ಎಂದು ಹೇಳಿ, ಅವರ ಕುರ್ಚಿಯ ಎರಡೂ ಕೈ ಹಿಡಿದು, ಕಬ್ಬಿಣದ ಚೈನಿನ ಮಿಷನ್ ಚಿರೆಕಲ್ಲಿನ ಮೇಲೆ ಹೋಗುವಾಗ ಹೇಗೆ ಕುಲುಕುತ್ತದೋ ಹಾಗೇ ಕುಲುಕಿದೆ. ಮೊದಲು ಕನ್ನಡಕ ಹೋಯಿತು. ಆಮೇಲೆ ಕಿಸೆಯ ಪೆನ್ನು. "ಸಾಕು, ಸಾಕು" ಎಂದು ಅವರು ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಆದರೆ ಇನ್ನೂ ಬಂಡೆ ಹತ್ತಿ ಇಳಿಯುವುದೊಂದು ಬಾಕಿ ಇತ್ತು, ಅದನ್ನೂ ತೋರಿಸಿಯೇ ಬಿಟ್ಟೆ.

ಡಾಕ್ಟರರು ಮೇಜು ಹಿಡಿದು ಎದ್ದು ನಿಂತರು. "ದಿನಕ್ಕೆ ಎಷ್ಟು ಹೊತ್ತು?" ಎಂದರು.

"ಎಂಟು ತಾಸು. ಮಳೆಗಾಲದ ಮುಂಚೆ ಹತ್ತು."

"ಇನ್ನೆರಡು ವರ್ಷ ಇಂಥದ್ದರ ಮೇಲೆ ಕೂತ್ರೆ ಆಮೇಲೆ ಕೂರೂಕೇ ಆಗೂದಿಲ್ಲ, ಬರೀ ಮಲಗೂದೇ. ಕೆಲಸ ಬಿಡಿ, ಇಲ್ಲಾ ಕುಲುಕದ ಗಾಡಿ ತಗಳಿ." ಇಷ್ಟು ಹೇಳಿ ಕಪಾಟಿನಿಂದ ನೋವಿನ ಮಾತ್ರೆಯ ಎರಡು ಸ್ಟ್ರಿಪ್ ತೆಗೆದರು. ಒಂದನ್ನು ನನಗೆ ಕೊಟ್ಟರು. ಇನ್ನೊಂದನ್ನು ಬಿಡಿಸಿ, ಒಂದು ಮಾತ್ರೆ ತಾವೇ ನುಂಗಿದರು.

೨. ಹಲ್ಲು ನೋಡಿದ ಮಾವ

ಕೆಲಸ ಬಿಡಲು ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಉಳಿದದ್ದು ಕುಲುಕದ ಗಾಡಿ. ಕುಮಟಾ ಸ್ಟೇಷನ್ನಿನ ಹತ್ತಿರ ಒಂದು ಬಯಲಲ್ಲಿ ಹಳೆ ಮಿಷನ್‌ಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ ಎಂದು ಸುದ್ದಿ ಬಂತು. ಹೊರಡುವಾಗ ನನ್ನ ಸೋದರಮಾವನೂ ಹೊರಟ.

ಮಾವ ಎತ್ತಿನ ದಲ್ಲಾಳಿ. ಘಟ್ಟದ ಮೇಲಿನ ಜಾನುವಾರು ಸಂತೆಗಳಿಗೆ ಹೋಗಿ ಎತ್ತು ತಂದು ಕೊಡುವುದೇ ಅವನ ಬದುಕಾಗಿತ್ತು. ಊರಲ್ಲಿ ಟಿಲ್ಲರ್ ಬಂದು ಎತ್ತು ಕಡಿಮೆಯಾದ ಮೇಲೆ ಅವನ ವಿದ್ಯೆಗೆ ಕೆಲಸವಿಲ್ಲದೆ ಕೈ ತುರಿಸುತ್ತಿತ್ತು. "ನಿಂಗೆ ಓಡಿಸೂಕೆ ಬರ್ತದೆ, ಕೊಳ್ಳೂಕೆ ಬರೂದಿಲ್ಲ. ನಾ ಬರ್ತೆ" ಎಂದ.

"ಮಾವಾ, ಅದು ಎತ್ತಲ್ಲ."

"ದುಡಿಯೂದು ಹೌದಲ್ದನಾ? ಆತು ಹಂಗಾರೆ."

ಅಲ್ಲಿದ್ದ ಮಾರಾಟದವ ಬಲು ಮಾತುಗಾರ. ಹಳದಿ ಬಣ್ಣ ಹೊಡೆದು ಮಿಂಚುತ್ತಿದ್ದ ಒಂದು ಗಾಡಿಯ ಎದುರು ನಿಲ್ಲಿಸಿ, ಎಷ್ಟು ತಾಸು ದುಡಿದಿದೆ ಎಂದು ತೋರಿಸುವ ಮೀಟರಿನ ಮೇಲೆ ಬೆರಳಿಟ್ಟ. "ನೋಡಿ, ಓಡಿದ್ದೇ ಇಲ್ಲ. ಮದುಮಗಳು ಇದ್ದಂಗೆ ಅದೆ." ಸೀಟಿಗೆ ಹೊಸ ಹೊದಿಕೆ. ಕೂತು ನೋಡಿದರೆ ಮೆತ್ತಗಿತ್ತು. ನನ್ನ ಮನಸ್ಸು ಆಗಲೇ ಅರ್ಧ ಜಾರಿತ್ತು.

ಮಾವ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಹೋಗಿ ಬಕೆಟ್ಟಿನ ಎದುರು ಕುಕ್ಕರಗಾಲಲ್ಲಿ ಕೂತ. ಮಣ್ಣು ಅಗೆಯಲು ಬಕೆಟ್ಟಿನ ಅಂಚಿಗೆ ಕಬ್ಬಿಣದ ಹಲ್ಲು ಇರುತ್ತದಲ್ಲ, ಅದರ ಮೇಲೆ ಒಂದೊಂದಾಗಿ ಹೆಬ್ಬೆರಳು ಆಡಿಸಿದ. ಆಮೇಲೆ ಹಲ್ಲಿನ ಬುಡದ ಪಟ್ಟಿ ಸವರಿದ. ಎದ್ದು ಹಿಂದೆ ಹೋಗಿ, ಎತ್ತಿನ ಬೆನ್ನಿಗೆ ಹೊಡೆಯುವಂತೆ ಬಾನೆಟ್ಟಿಗೆ ಒಂದು ಏಟು ಹಾಕಿದ. ಒಳಗಿಂದ ಒಂದು ನಟ್ಟು ಕಳಚಿ ಕೆಳಗೆ ಬಿತ್ತು.

"ಹಲ್ಲು ಹೊಸತು, ಒಸಡು ಮುದಿ" ಎಂದ ಮಾವ.

ನಾನು ಬಗ್ಗಿ ನೋಡಿದೆ. ಹೌದು. ಹಲ್ಲು ನಿನ್ನೆ ಮೊನ್ನೆ ಬೆಸುಗೆ ಹಾಕಿದ್ದು. ಬುಡದ ಪಟ್ಟಿ ಮಾತ್ರ ಸವೆದು ಸವೆದು ಬಾಳೆಕಾಯಿ ಚಿಪ್ಸ್ ಹೆರೆಯುವ ಕತ್ತಿಯಷ್ಟು ತೆಳ್ಳಗಾಗಿತ್ತು. ಮೀಟರ್ ಹೇಳಿದಷ್ಟೇ ದುಡಿದಿದ್ದರೆ ಹೀಗೆ ಸವೆಯಲು ಸಾಧ್ಯವೇ ಇಲ್ಲ. ಕಾಲಿನ ಪೆಡಲ್ ನೋಡಿದೆ, ರಬ್ಬರ್ ಹೋಗಿ ಕಬ್ಬಿಣ ಕನ್ನಡಿಯಾಗಿತ್ತು. ಹದಿನೈದು ವರ್ಷ ಮಿಷನ್ ಓಡಿಸಿದ ನಾನು ಬಣ್ಣಕ್ಕೆ ಮರುಳಾಗಿದ್ದೆ, ಒಂದು ದಿನವೂ ಮಿಷನ್ ಮುಟ್ಟದ ಮಾವ ಅದರ ವಯಸ್ಸು ಹೇಳಿದ್ದ. ನಾಚಿಕೆಯೂ ಆಯಿತು, ಬದುಕಿದೆ ಎಂತಲೂ ಅನಿಸಿತು.

ಮಾರಾಟದವನ ಮುಖ ಸಣ್ಣದಾಯಿತು. ಬೈಗುಳ ತಿನ್ನಲು ಸಿದ್ಧನಾಗಿ ನಿಂತ. ಮಾವ ಅವನ ಹತ್ತಿರ ಹೋಗಿ, ಬಾಯಿ ಅಗಲ ತೆರೆದು ತನ್ನ ಅಳಿದುಳಿದ ನಾಲ್ಕು ಹಲ್ಲು ತೋರಿಸಿ, ಮೆಲ್ಲಗೆ ಕೇಳಿದ: "ಮಾರಾಯ, ಅದ್ಕೆ ಹಲ್ಲು ಕಟ್ಟಿದವ ಯಾರು? ಭಾರೀ ಚೆಂದ ಕಟ್ಟಿದ್ದಾ. ನಂಗೂ ಬೇಕಾಗಿತ್ತು."

೩. ಚೆಲ್ಲದ ಚೊಂಬು

ಕುಮಟಾದ ಕತೆ ಕೇಳಿದ ಮೇಲೆ ನನ್ನ ಹೆಂಡತಿಗೆ ನಮ್ಮಿಬ್ಬರ ಮೇಲೂ ನಂಬಿಕೆ ಹೋಯಿತು. "ಮಾವ ವಯಸ್ಸು ನೋಡ್ತ್ರು, ನೀವು ಬಣ್ಣ ನೋಡ್ತ್ರಿ. ಕುಲುಕ್ತದಾ ಇಲ್ವಾ ಹೇಳಿ ನೋಡೂರು ಯಾರು?" ಎಂದು ಮುಂದಿನ ಸಲ ತಾನೂ ನಮ್ಮ ಸಂಗಡ ಹೊರಟಳು. ಅವಳ ಉಪಾಯ ಸರಳ. ಚೊಂಬಿನ ತುಂಬ ನೀರು ತುಂಬಿ ಮಿಷನ್ ಮೇಲೆ ಇಡುವುದು, ಒಂದು ಸುತ್ತು ಓಡಿಸುವುದು. ಎಷ್ಟು ಚೆಲ್ಲಿತೋ ಅಷ್ಟು ಕುಲುಕು.

ಹೊನ್ನಾವರದಲ್ಲಿ ಹೊಳೆಯ ಈಚೆ ಒಬ್ಬರ ಹತ್ತಿರ ಕಬ್ಬಿಣದ ಚೈನಿನ ಗಾಡಿ ಇತ್ತು. ಬೆಲೆ ನಮಗೆ ಎಟಕುವಂಥದ್ದು. ಡಿಸೆಂಬರ್ ತಿಂಗಳು, ಮೊದಲ ಬಸ್ಸಿಗೇ ಹೋದೆವು. ಚಳಿ ಎಂದರೆ ಮಾವ ಟವೆಲನ್ನು ತಲೆಗೂ ಕಿವಿಗೂ ಸುತ್ತಿಕೊಂಡು ಕಣ್ಣು ಮಾತ್ರ ಬಿಟ್ಟಿದ್ದ. ಅಲ್ಲಿ ಹೋದರೆ ಬಾವಿಯ ಹಗ್ಗ ಕಡಿದು ಕೊಡ ಬಾವಿಯೊಳಗೆ ಬಿದ್ದಿತ್ತು. ನೀರಿಲ್ಲ.

"ನೀರೇ ಆಗ್ಬೇಕು ಹೇಳಿ ಎಂತ ಅದೆ? ಎಣ್ಣೆ ಅದೆಯಲೆ" ಎಂದ ಮಾವ. ಬರುವ ದಾರಿಯಲ್ಲಿ ದೇವಸ್ಥಾನದ ದೀಪಕ್ಕೆ ಕೊಡಬೇಕೆಂದು ಹೆಂಡತಿ ಹಿಂದಿನ ದಿನವೇ ಒಂದು ಹಿತ್ತಾಳೆ ಚೊಂಬಿನ ತುಂಬ ತೆಂಗಿನೆಣ್ಣೆ ತುಂಬಿಸಿ, ಬಾಳೆಲೆ ಕಟ್ಟಿ ತಂದಿದ್ದಳು. ಮಾವ ಬಾಳೆಲೆ ಬಿಚ್ಚಿ, ಒಳಗೆ ನೋಡದೆ, ಚೊಂಬನ್ನು ಬಾನೆಟ್ಟಿನ ಮೇಲೆ ಹಗ್ಗ ಕಟ್ಟಿ ಕೂರಿಸಿದ. ನಾನು ಗೂಡಿನೊಳಗೆ ಕೂತು ಹೊರಟೆ.

ಹೊರಟ ಹತ್ತು ಮಾರಿನಲ್ಲೇ ನನ್ನ ಸೊಂಟ ಉತ್ತರ ಹೇಳಿತು. ಕುಮಟಾ ಡಾಕ್ಟರರ ಕುರ್ಚಿಗೆ ನಾನು ಕೊಟ್ಟದ್ದು ಏನೂ ಅಲ್ಲ. ಹಲ್ಲಿಗೆ ಹಲ್ಲು ಬಡಿಯಿತು. ಕಲ್ಲು ಹತ್ತಿದಾಗ ತಲೆ ಮೇಲಿನ ಕಬ್ಬಿಣಕ್ಕೆ ತಾಗಿತು. ಒಂದು ಸುತ್ತು ಮುಗಿಸಿ, ಸೊಂಟ ಹಿಡಿದು, "ಅಯ್ಯಮ್ಮಾ" ಎನ್ನುತ್ತ ಇಳಿದೆ.

ಕೆಳಗೆ ಎಲ್ಲರ ಮುಖದಲ್ಲೂ ಹಬ್ಬ.

"ಒಂದು ಹನಿ ಚೆಲ್ಲಲಿಲ್ಲ!" ಎಂದಳು ಹೆಂಡತಿ.

"ನಂಗೆ ಸೊಂಟವೇ ಕಡೀತು ಮಾರಾಯ್ತಿ."

"ನಿಮ್ಮ ಸೊಂಟ ಮೊದಲೇ ನೋಯ್ತಿತ್ತು. ಅದ್ರ ಮಾತು ಕೇಳೂಕೆ ಆಗೂದಿಲ್ಲ. ಚೊಂಬು ಸುಳ್ಳು ಹೇಳ್ತದಾ?"

ಮಾವನೂ ಚೊಂಬಿನ ಪಕ್ಷ. "ತಮ್ಮಾ, ನಿಂಗೆ ಹೆದರಿಕೆ ಕೂತದೆ. ಗಾಡಿ ಹಂಸ ಹೋದಂಗೆ ಹೋತು." ಮಾರುವವರಿಗಂತೂ ತಮ್ಮ ಗಾಡಿ ಇಷ್ಟು ಒಳ್ಳೆಯದೆಂದು ಅವತ್ತೇ ಗೊತ್ತಾದದ್ದು. ಅವರು ಅದನ್ನು ಮಾರುವುದೋ ಬೇಡವೋ ಎಂದು ಯೋಚಿಸತೊಡಗಿದರು. ಇನ್ನೊಂದು ಸುತ್ತು ಹಾಕಿಸಿದರು. ಚೊಂಬು ಮತ್ತೂ ಹನಿ ಬಿಡಲಿಲ್ಲ, ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಮೂರು ಜನ ಒಂದು ಕಡೆ, ಒಂದು ಚೊಂಬೂ ಅವರ ಕಡೆ. ನನಗೇ ನನ್ನ ಸೊಂಟದ ಮೇಲೆ ಸಂಶಯ ಬರತೊಡಗಿತು. ಮುಂಗಡ ಕೊಡುವುದೆಂದು ಮಾತಾಯಿತು.

ಹೆಂಡತಿ ಒಳ್ಳೆಯ ಕೆಲಸಕ್ಕೆ ಮುಂಚೆ ಗಾಡಿಯ ಚೈನಿಗೆ ಒಂದು ತೊಟ್ಟು ಎಣ್ಣೆ ಬಿಡೋಣವೆಂದು ಚೊಂಬು ಬಗ್ಗಿಸಿದಳು. ಎಣ್ಣೆ ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದಳು. ಬೀಳಲಿಲ್ಲ. ಪೂರ್ತಿ ಬೋರಲು ಹಾಕಿ ಅಲುಗಾಡಿಸಿದಳು. ಆಗ ಮಾವ ಬಗ್ಗಿ ಒಳಗೆ ನೋಡಿದ. ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿ ಬೆಳ್ಳಗೆ ಬೆಣ್ಣೆಯಾಗಿ ಕೂತಿತ್ತು.

ನಾನು ಮುಂಗಡದ ಕವರನ್ನು ಒಳ ಕಿಸೆಗೆ ಹಾಕಿ ಗುಂಡಿ ಹಾಕಿಕೊಂಡೆ. ಆ ಗುಂಡಿ ಹಾಕಿದಾಗ ಆದ ಸಮಾಧಾನ ಯಾವ ಮಾತ್ರೆಯಿಂದಲೂ ಆದದ್ದಿಲ್ಲ.

ಬಸ್ ಸ್ಟ್ಯಾಂಡಿಗೆ ಬರುವಾಗ ಮಾವ ಹೇಳಿದ, "ಒಂದು ಕೆಲಸ ಮಾಡ್ಲಕ್ಕು. ಈ ಚೊಂಬು ಇಟ್ಕಂಡು ಗಾಡಿಮೇಲೆ ಯಾಣದ ಕಾಡು ಹತ್ತಿ ಇಳಿದ್ರೂ ದೇವ್ರ ಎಣ್ಣೆ ಸುರಕ್ಷಿತ."

೪. ದೇವಿಯ ಉತ್ತರ

ಹೊನ್ನಾವರದವರು ಬಿಡಲಿಲ್ಲ. ಮರುವಾರ ಫೋನು ಬಂತು. ಬೆಲೆ ಇನ್ನೂ ಇಳಿಸುತ್ತೇವೆ, ಸೀಟಿಗೆ ಸ್ಪಂಜು ಹಾಕಿಸಿದ್ದೇವೆ, ಬೇಕಾದರೆ ನಿಮ್ಮ ಊರಿಗೇ ತಂದು ತೋರಿಸುತ್ತೇವೆ ಎಂದರು.

ಬೆಲೆ ಇಳಿಯಿತು ಅಂದಕೂಡಲೇ ನನ್ನ ಬುದ್ಧಿಯೂ ಇಳಿಯಿತು. ಸ್ಪಂಜು ಹಾಕಿದ್ದಾರಲ್ಲ, ಇನ್ನೆರಡು ವರ್ಷ ತಡೆದರೆ ಮಗಳ ಓದು ಮುಗಿಯುತ್ತದೆ, ಆಮೇಲೆ ಮಲಗಿದರೂ ಅಡ್ಡಿಯಿಲ್ಲ ಎಂದೆಲ್ಲ ಲೆಕ್ಕ ಹಾಕಿದೆ. ಇದನ್ನು ಕೇಳಿ ಹೆಂಡತಿ ಅತ್ತಳು. ಅತ್ತು ಮುಗಿದ ಮೇಲೆ, "ನಂಗೂ ಬೇಡ, ನಿಮ್ಗೂ ಬೇಡ. ದೇವಿ ಹತ್ರ ಪ್ರಸಾದ ಕೇಳುವಾ" ಎಂದಳು.

ನಮ್ಮ ಕಡೆ ಏನೇ ಇಬ್ಬಂದಿ ಬಂದರೂ ದೇವರ ಹತ್ತಿರ ಪ್ರಸಾದ ಕೇಳುವುದುಂಟು. ಭಟ್ಟರು ದೇವರ ಮೈಮೇಲೆ ಅಲ್ಲಲ್ಲಿ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಕೇಳುವವರು ಕೈಮುಗಿದು ಮನಸ್ಸಿನ ಪ್ರಶ್ನೆ ಹೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬೀಳುವವರೆಗೆ ಕಾಯಬೇಕು.

ಕಾದೆವು. ಅರ್ಧ ತಾಸು ಆಯಿತು. ಒಂದು ಎಸಳೂ ಅಲುಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕು ಅನ್ನುತ್ತಾರೆ, ಇಲ್ಲಿ ಭಟ್ಟರು ಕೊಡಲು ಸಿದ್ಧ, ದೇವಿಯದೇ ಮೌನ. "ಪ್ರಶ್ನೆ ಸರಿಯಾಗಿ ಹೇಳಿ" ಎಂದರು ಭಟ್ಟರು. ಹೆಂಡತಿ ಈ ಸಲ ಗಟ್ಟಿಯಾಗಿಯೇ ಹೇಳಿದಳು: "ಅಮ್ಮಾ, ಆ ಹೊನ್ನಾವರದ ಕಬ್ಬಿಣದ ಗಾಡಿ ತಗಳ್ಳೂಕೆ ಅಡ್ಡಿಲ್ಲ ಅಂದ್ರೆ ಬಲಗಡೆ ಕೊಡು, ಬೇಡ ಅಂದ್ರೆ ಎಡಗಡೆ ಕೊಡು."

ಅದೇ ಹೊತ್ತಿಗೆ ಹೊರಗೆ ಗುಡುಗುಡು ಸದ್ದು ಕೇಳಿತು. ಮಾರುವವರು ಹೇಳಿದ ಮಾತಿನಂತೆ ಗಾಡಿಯನ್ನು ಡಾಂಬರು ರಸ್ತೆಯವರೆಗೆ ಲಾರಿಯಲ್ಲಿ ತಂದು ಇಳಿಸಿ, ಅಲ್ಲಿಂದ ನಮ್ಮ ಮನೆಗೆ ಓಡಿಸಿಕೊಂಡು ಬರುತ್ತಿದ್ದರು. ದಾರಿ ಇರುವುದು ದೇವಸ್ಥಾನದ ಗೋಡೆಗೆ ತಾಗಿಯೇ. ಸದ್ದು ಹತ್ತಿರ ಬಂತು. ಕಾಲಡಿಯ ನೆಲ ಜುಂ ಅಂದಿತು. ಮೊದಲು ಬಲಗಡೆಯ ಎಸಳು ಬಿತ್ತು. ಅದರ ಬೆನ್ನಿಗೇ ಎಡಗಡೆಯದು. ಆಮೇಲೆ ನೆತ್ತಿಯದು, ಭುಜದ್ದು, ಎಲ್ಲ. ಕೊರಳಿನ ಮಾಲೆ ಜಾರಿತು. ಮೇಲೆ ತೂಗುತ್ತಿದ್ದ ಗಂಟೆ ಯಾರೂ ಮುಟ್ಟದೆ ಬಡಿದುಕೊಂಡಿತು. ದೀಪದ ಎಣ್ಣೆಯೂ ಚೆಲ್ಲಿತು, ಈ ಸಲ ಅದು ಹೆಪ್ಪುಗಟ್ಟಿರಲಿಲ್ಲ.

ಗಾಡಿ ದಾಟಿ ಹೋದ ಮೇಲೆ ಹೆಂಡತಿ ಕೈಮುಗಿದುಕೊಂಡೇ ಕೇಳಿದಳು, "ಭಟ್ರೇ, ಎರಡೂ ಬಿತ್ತು. ಇದ್ರ ಅರ್ಥ ಎಂತ?"

ಭಟ್ಟರು ಮಾಲೆ ಎತ್ತಿಕೊಳ್ಳುತ್ತ ಹೇಳಿದರು, "ತಂಗೀ, ಇದು ಉತ್ತರ ಅಲ್ಲ. ಅಮ್ಮ ಎದ್ದು ಹೋಗೂಕೆ ಹೊರಟದ್ದು."

೫. ಟವೆಲಿನ ಅಡಿಯ ವ್ಯಾಪಾರ

ಕಬ್ಬಿಣದ ಚೈನಿನ ಆಸೆ ಅಲ್ಲಿಗೆ ಬಿಟ್ಟೆ. ಉಳಿದದ್ದು ರಬ್ಬರ್ ಚೈನು. ಅದು ಮೆತ್ತಗೆ ಹೋಗುತ್ತದೆ, ಆದರೆ ಚಿರೆಕಲ್ಲಿನ ಚೂಪಿಗೆ ಕೊಯ್ದುಹೋಗುತ್ತದೆ. ಹೊಸ ರಬ್ಬರಿಗೆ ದುಡ್ಡು ಬೀಳುತ್ತದೆ. ಅತ್ತ ದರಿ, ಇತ್ತ ಪುಲಿ. ಹೆಂಡತಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. "ರಬ್ಬರ್ ಹೋದ್ರೆ ಬೇರೆ ಸಿಗ್ತದೆ. ಸೊಂಟ ಹೋದ್ರೆ ಭಟ್ಕಳದ ಫಾರಿನ್ ಅಂಗಡಿಯಲ್ಲೂ ಸಿಗೂದಿಲ್ಲ" ಎಂದಳು.

ಗಾಡಿ ಸಿಕ್ಕಿದ್ದೂ ಭಟ್ಕಳದಲ್ಲೇ. ಗಲ್ಫಿನಲ್ಲಿ ಬಹುಕಾಲ ವ್ಯಾಪಾರ ಮಾಡಿ ಊರಿಗೆ ಬಂದ ಒಬ್ಬ ಸಾಹೇಬರು ಅದನ್ನು ಹಡಗಿನಲ್ಲಿ ತರಿಸಿದ್ದರಂತೆ. ತಮ್ಮ ಮನೆ ಕಟ್ಟುವ ಕೆಲಸ ಮುಗಿದಿತ್ತು, ಕೊಡುವುದಿತ್ತು. ಬೆಳ್ಳಗಿನ ಉದ್ದ ಅಂಗಿ, ಬೆಳ್ಳಗಿನ ಗಡ್ಡ, ತೂಗಿ ಅಳೆದು ಆಡುವ ಮಾತು. ನಾವು ಮೂವರೂ ಇಳಿದಕೂಡಲೇ ಶರಬತ್ತು ಕೊಡಿಸಿದರು. ಮೀಟರ್ ತೋರಿಸುವ ಮೊದಲೇ ಗಾಡಿಯ ದೋಷ ತೋರಿಸಿದರು. "ನೋಡಿ ಭಾಯಿ, ಎಡಗಡೆ ರಬ್ಬರ್ ಇಲ್ಲಿ ಸ್ವಲ್ಪ ಸೀಳಿದೆ. ಕಲ್ಲಿನ ಮೇಲೆ ನಿಂತಲ್ಲೇ ತಿರುಗಿಸಬೇಡಿ, ಮಣ್ಣಿನ ಮೇಲೆ ತಿರುಗಿಸಿ. ಹಾಗೆ ಮಾಡಿದ್ರೆ ಬಹಳ ದಿನ ಬರ್ತದೆ." ಮಾವ ಬಕೆಟ್ಟಿನ ಹಲ್ಲು ನೋಡಿ ಬಂದು, "ಹುಟ್ಟುಹಲ್ಲೇ" ಎಂದು ನನ್ನ ಕಿವಿಯಲ್ಲಿ ಹೇಳಿದ.

ಹೆಂಡತಿ ಚೊಂಬು ತಂದಿದ್ದಳು. ಅವರ ಮನೆಯ ಕೆಲಸದವರು ಅದರ ಕುತ್ತಿಗೆಯವರೆಗೆ ನೀರು ತುಂಬಿ ಗಾಡಿಯ ಮೇಲೆ ಕಟ್ಟಿದರು. ನಾನು ಹತ್ತಿ ಕೂತೆ. ಸೀಟು ನನ್ನ ತೂಕಕ್ಕೆ ಒಂದಿಷ್ಟು ತಗ್ಗಿ, ಹಾಗೇ ಹಿಡಿದುಕೊಂಡಿತು. ಹೊರಟೆ. ಮಣ್ಣಿನ ಮೇಲೆ ಹೋದೆ, ಜಲ್ಲಿಯ ಮೇಲೆ ಹೋದೆ, ಬೇಕೆಂದೇ ಒಂದು ಹೊಂಡಕ್ಕೆ ಇಳಿಸಿ ಹತ್ತಿಸಿದೆ. ನೋವು ಈಗ ಬರುತ್ತದೆ, ಈಗ ಬರುತ್ತದೆ ಎಂದು ಸೊಂಟ ಬಿಗಿಹಿಡಿದು ಕಾದೆ. ಬರಲಿಲ್ಲ. ಎರಡನೆಯ ಸುತ್ತಿಗೆ ಕಾಯುವುದನ್ನೇ ಮರೆತೆ. ಮಿಷನ್ ನಿಲ್ಲಿಸಿ ನೆಲಕ್ಕೆ ಇಳಿದಾಗ ನನ್ನ ಎರಡೂ ಕೈ ಖಾಲಿ ಇದ್ದವು. ನಾನದನ್ನು ಗಮನಿಸಲಿಲ್ಲ, ಗಮನಿಸಿದವಳು ಬೇರೆ ಇದ್ದಳು.

ಇತ್ತ ಜಗಲಿಯ ಬೆಂಚಿನ ಮೇಲೆ ಮಾವ ವ್ಯಾಪಾರ ಶುರುಮಾಡಿಯೇ ಬಿಟ್ಟಿದ್ದ. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಮೇಲೆ ಟವೆಲ್ ಹೊದಿಸಿ, ಅಡಿಯಲ್ಲಿ ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಮಾವನಿಗೆ ಗೊತ್ತಿದ್ದ ವ್ಯಾಪಾರ ಅದೊಂದೇ. ಇಲ್ಲಿ ಒಂದು ಬೆರಳೆಂದರೆ ಒಂದು ಲಕ್ಷ ಎಂದು ಅವನೇ ಮನಸ್ಸಿನಲ್ಲಿ ನಿರ್ಧರಿಸಿಕೊಂಡಿದ್ದ. ನಮ್ಮ ಕೈಲಿದ್ದದ್ದು ಮೂರು. ಟವೆಲ್ ಹೊದ್ದ ಕೈ ಚಾಚಿ, ಸಾಹೇಬರ ಮೂರು ಬೆರಳು ಗಟ್ಟಿಯಾಗಿ ಹಿಡಿದ.

ಸಾಹೇಬರಿಗೆ ಈ ಪದ್ಧತಿಯ ಗಂಧಗಾಳಿ ಇಲ್ಲ. ವಯಸ್ಸಾದವರು ಕೈ ಕೊಟ್ಟರು ಎಂದುಕೊಂಡು, ತಮ್ಮಲ್ಲಿ ಹಿರಿಯರಿಗೆ ಗೌರವ ಮಾಡುವಂತೆ, ಮಾವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತುಂಬಿ ಹಿಡಿದರು. ಹತ್ತು ಬೆರಳು.

ಮಾವನ ಮುಖ ಬಿಳಚಿತು. ಬೆರಳು ಬಿಡಿಸಿಕೊಂಡು ಮತ್ತೆ ಮೂರೇ ಹಿಡಿದ. ಪಾಪ, ಮುದುಕರಿಗೆ ಕೈ ನಡುಗುತ್ತದೆ ಎಂದು ಸಾಹೇಬರು ಇನ್ನೂ ಪ್ರೀತಿಯಿಂದ ಹತ್ತೂ ಬೆರಳಿನಿಂದ ಅಮುಕಿದರು.

"ತಮ್ಮಾ!" ಎಂದು ಮಾವ ಅಲ್ಲಿಂದಲೇ ಕೂಗಿದ, "ನಡಿ ಮನೆಗೆ! ಹತ್ತಂತೆ! ನಾ ಎಷ್ಟು ಅಮುಕಿದ್ರೂ ಒಂದು ಬೆರಳು ಇಳಿಸೂದಿಲ್ಲ!"

"ಹತ್ತಾ? ಹತ್ತು ಏನು, ಚಾಚಾ?" ಎಂದರು ಸಾಹೇಬರು ಗಾಬರಿಯಿಂದ. ಕೈ ಬಿಡುವುದು ಅಗೌರವವಾದೀತೆಂದು ಬಿಡಲೂ ಇಲ್ಲ.

ಜನ್ಮಕ್ಕೊಂದು ಸಲ ಸೊಂಟಕ್ಕೆ ಒಪ್ಪುವ ಗಾಡಿ ಸಿಕ್ಕಿತ್ತು, ಅದರ ಬೆಲೆ ಹತ್ತು ಲಕ್ಷ. ಮಗಳ ಓದು, ಡಾಕ್ಟರರ ಎರಡು ವರ್ಷ ಎಲ್ಲ ಒಟ್ಟಿಗೇ ಕಣ್ಣೆದುರು ಬಂತು.

ಅಷ್ಟರಲ್ಲಿ ಹೆಂಡತಿ ಗಾಡಿಯ ಮೇಲಿನ ಚೊಂಬು ಬಿಚ್ಚಿಕೊಂಡು ಓಡಿಬಂದಳು. ಅವಳಿಗೆ ಈ ಹತ್ತರ ಗಲಾಟೆ ಕಿವಿಗೇ ಬಿದ್ದಿರಲಿಲ್ಲ. "ಇಕೊಳ್ಳಿ, ಹಂಗೇ ಅದೆ! ಹನಿ ಚೆಲ್ಲಲಿಲ್ಲ!" ಎಂದವಳು ಥಟ್ಟನೆ ನಿಂತಳು. ಹೊನ್ನಾವರ ನೆನಪಾಯಿತೆಂದು ಕಾಣುತ್ತದೆ. ಮುಖದ ನಗು ಹೋಗಿ ಸಂಶಯ ಬಂತು. ಭಟ್ಕಳದ ನಡು ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು ಎಂಬುದನ್ನೂ ಮರೆತು, "ಇದೂ ಹೆಪ್ಪುಗಟ್ಟಿದ್ದೇ ಹೌದಾ ಎಂತ?" ಎನ್ನುತ್ತ, ಎಲ್ಲಿ ನಿಂತಿದ್ದೇನೆ ಎಂದು ನೋಡದೆ, ಚೊಂಬನ್ನು ಬೋರಲು ಹಾಕಿಬಿಟ್ಟಳು.

ಅಪ್ಪಟ ನೀರು. ಒಂದು ಹನಿ ಉಳಿಯದಂತೆ ಮಾವನ ಟವೆಲಿನ ಮೇಲೆ, ಇಬ್ಬರ ಹಿಡಿದ ಕೈಗಳ ಮೇಲೆ, ಸಾಹೇಬರ ಬಿಳಿ ಅಂಗಿಯ ತೋಳಿನ ಮೇಲೆ ಧಾರೆಯಾಗಿ ಸುರಿಯಿತು.

ಹೆಂಡತಿ ಖಾಲಿ ಚೊಂಬನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಸಾಹೇಬರು ತೋಳಿನಿಂದ ಇಳಿಯುವ ನೀರನ್ನೇ ನೋಡುತ್ತಿದ್ದರು. ಮಾವ ಮಾತ್ರ ತನ್ನ ಒದ್ದೆ ಕೈಯನ್ನೊಮ್ಮೆ, ಅವರ ಒದ್ದೆ ಕೈಯನ್ನೊಮ್ಮೆ ನೋಡಿದ. ಬಿಳಚಿದ ಮುಖಕ್ಕೆ ಮೆಲ್ಲಗೆ ಕಳೆ ಬಂತು.

"ಆತು!" ಎಂದ. "ಧಾರೆ ಆತು! ಸಾಹೇಬ್ರೇ, ನಮ್ಮಲ್ಲಿ ಮದ್ವೇಲಿ ಹೀಂಗೇ ಕೈಮೇಲೆ ಕೈ ಇಟ್ಟು ಹೆಣ್ಣಿನ ಕಡೆಯವ್ರು ನೀರು ಬಿಡೂದು. ನೀರು ಬಿತ್ತು ಅಂದ್ರೆ ಹೆಣ್ಣು ಕೊಟ್ಟಂಗೇ. ಇನ್ನು ಹತ್ತು ಗಿತ್ತು ಮಾತಾಡೂಕಿಲ್ಲ. ಗಾಡಿ ನಮ್ಮದು!"

ನಾನು ನಾಚಿಕೆಯಿಂದ ತಲೆ ತಗ್ಗಿಸಿ, ಬೆರಳಿನ ಲೆಕ್ಕ, ಸಂತೆಯ ಪದ್ಧತಿ ಎಲ್ಲ ಬಿಡಿಸಿ ಹೇಳಿದೆ. ಸಾಹೇಬರು ಪೂರ್ತಿ ಕೇಳಿದರು. ಆಮೇಲೆ ನಗತೊಡಗಿದರು. ಗಡ್ಡ ಅಲ್ಲಾಡುವಂತೆ, ಬೆಂಚು ಅಲ್ಲಾಡುವಂತೆ ನಕ್ಕರು. "ಅರೆ ಚಾಚಾ, ನಾನು ಕೇಳಬೇಕೆಂದು ಇದ್ದದ್ದೇ ಮೂರೂವರೆ! ನೀವು ಎಷ್ಟು ಹಿಡಿದಿದ್ರಿ?"

"ಮೂರು" ಎಂದ ಮಾವ, ಈಗಲೂ ಬೆರಳು ಬಿಡದೆ.

"ನೀರು ಬಿದ್ದಾಯ್ತು ಅಂತೀರಿ. ಹಾಗಾದ್ರೆ ಮೂರೇ. ಹೆಣ್ಣಿಗೆ ಒಂದು ಟ್ಯಾಂಕ್ ಡೀಸೆಲ್ ನನ್ನ ಲೆಕ್ಕದಲ್ಲಿ."

ಎದೆಯ ಮೇಲಿಟ್ಟ ಬಂಡೆಯನ್ನು ಯಾರೋ ಬಕೆಟ್ಟಿನಲ್ಲಿ ಎತ್ತಿ ಆಚೆ ಇಟ್ಟ ಹಾಗಾಯಿತು ನನಗೆ. ತಿರುಗಿ ನೋಡಿದರೆ ಹೆಂಡತಿ ಕಂಬಕ್ಕೆ ಆತು ನಿಂತು, ಸೆರಗಿನಲ್ಲಿ ಮುಖ ಮುಚ್ಚಿ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಸಾಹೇಬರು ಪೆಚ್ಚಾದರು. "ಅಕ್ಕಾ, ಹೆಣ್ಣು ಕೊಟ್ಟವ ನಾನು. ಅಳಬೇಕಾದವ ನಾನು. ನೀವ್ಯಾಕೆ ಅಳ್ತೀರಿ? ಅಂಗಿ ಒಣಗ್ತದೆ ಬಿಡಿ."

"ಅಂಗಿಗಲ್ಲ" ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಇವ್ರು ಮಿಷನ್ನಿಂದ ಇಳಿಯೂದು ನಾ ಎಷ್ಟು ವರ್ಷದಿಂದ ನೋಡ್ತಾ ಬಂದೆ. ಇವತ್ತೇ ಮೊದಲು, ಸೊಂಟ ಹಿಡೀದೆ ಇಳಿದ್ರು."

ಸಾಹೇಬರೂ ಆಚೆ ತಿರುಗಿ ತಮ್ಮ ಕಣ್ಣನ್ನು ಅದೇ ಒದ್ದೆ ತೋಳಿನಿಂದ ಒರೆಸಿಕೊಂಡರು. ಮಾವ ಟವೆಲ್ ಹಿಂಡಿ, ಕೊಡವಿ, ಹೆಗಲಿಗೆ ಹಾಕಿಕೊಂಡ.

"ಅಳ್ಲಿ ಬಿಡಿ ಸಾಹೇಬ್ರೇ" ಎಂದ. "ಮದ್ವೆ ಅಂದ್ಮೇಲೆ ಒಬ್ರಾದ್ರೂ ಅಳೂಕೇ ಬೇಕು. ಊಟಕ್ಕೆ ಎಷ್ಟು ಹೊತ್ತಿಗೆ ಹಾಕ್ತ್ರಿ, ಅದು ಹೇಳಿ."